ಬ್ಲಾಕ್‌ಗೆ ತಾಗಿದ ಬಾಲು ಮೊದಲ ಟಚ್ ಅಲ್ಲ, ಇದನ್ನು ಇನ್ನೆಷ್ಟು ವರ್ಷ ಹೇಳಬೇಕು?

ಮಾನ್ಯ ಸಂಪಾದಕರೇ,

ಮಳೆ ಬಿಡುತ್ತಿದ್ದ ಹಾಗೆ ನಮ್ಮ ಕರಾವಳಿಯ ಕಂಬ ಕಂಬಕ್ಕೂ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದ ಪೋಸ್ಟರ್ ಬೀಳುತ್ತದೆ. ಪುರುಷರಿಗೆ ವಾಲಿಬಾಲ್, ಮಹಿಳೆಯರಿಗೆ ತ್ರೋಬಾಲ್, ಇಷ್ಟು ನಗದು, ಇಷ್ಟು ಎತ್ತರದ ಟ್ರೋಫಿ, ಅಧ್ಯಕ್ಷರು, ಉದ್ಘಾಟಕರು, ಅವರೆಲ್ಲರ ಫೋಟೊ. ಎಲ್ಲದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ತೀರ್ಪುಗಾರರ ತೀರ್ಮಾನವೇ ಅಂತಿಮ. ಸರಿ, ಒಪ್ಪಿದೆ. ಆದರೆ ಆ ತೀರ್ಮಾನ ಯಾವ ನಿಯಮದ ಮೇಲೆ? ಅದನ್ನು ಯಾವ ಪೋಸ್ಟರ್‌ನಲ್ಲೂ ಬರೆಯುವುದಿಲ್ಲ. ಆಮೇಲೆ ರಾತ್ರಿ ಎರಡು ಗಂಟೆಗೆ ಸೆಮಿಫೈನಲ್‌ನಲ್ಲಿ ಗಲಾಟೆ, ಪಂದ್ಯ ಅರ್ಧಕ್ಕೆ ನಿಂತಿತು ಅಂತ ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಯಾಕೆ ನಿಂತಿತು ಅಂತ ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ.

ಯಾಕೆ ಅಂತ ನಾನು ಹೇಳುತ್ತೇನೆ. ವರ್ಷಗಟ್ಟಲೆ ಇಂಥ ಪಂದ್ಯಗಳಲ್ಲಿ ಸೀಟಿ ಹಿಡಿದು ನಿಂತವನು ನಾನು. ಹತ್ತರಲ್ಲಿ ಆರೇಳು ಜಗಳ ಒಂದೇ ಜಾಗದಲ್ಲಿ ಹುಟ್ಟುತ್ತದೆ, ನೆಟ್ಟಿನ ಮೇಲೆ, ಬ್ಲಾಕ್‌ನಲ್ಲಿ, ಅಂದರೆ ಎದುರಾಳಿಯ ಹೊಡೆತವನ್ನು ನೆಟ್ಟಿನ ಹತ್ತಿರ ಹಾರಿ ತಡೆಯುವಲ್ಲಿ.

ಎದುರಿನವನು ಹೊಡೆದ. ಇವನು ಹಾರಿ ಕೈ ಇಟ್ಟ. ಬಾಲ್ ಕೈಗೆ ಸವರಿ ಹಿಂದೆ ಹೋಯಿತು. ಹಿಂದಿನವನು ಎತ್ತಿದ, ಸೆಟ್ಟರ್ ಪಾಸ್ ಕೊಟ್ಟ, ಮೂರನೆಯವನು ಹೊಡೆದ, ಪಾಯಿಂಟ್. ತಕ್ಷಣ ಆ ಕಡೆಯಿಂದ ನಾಲ್ಕು ಬೆರಳು ಮೇಲೆ: ‘ಸಾರ್, ಫೋರ್ ಟಚ್!’ ಒಂದು ತಂಡ ಮೂರು ಟಚ್‌ನ ಒಳಗೆ ಬಾಲನ್ನು ಆ ಕಡೆ ದಾಟಿಸಬೇಕಲ್ಲ. ಹೊರಗೆ ಕೂತ ಅರ್ಧ ಜನ ಹೌದು ಅನ್ನುತ್ತಾರೆ. ಮೈಕ್ ಹಿಡಿದವನು ‘ನಾಲ್ಕು ಟಚ್ ಆದಂತೆ ಕಾಣುತ್ತಿದೆ’ ಅಂತ ಒಗ್ಗರಣೆ ಹಾಕುತ್ತಾನೆ. ರೆಫ್ರಿಗೆ ಗಟ್ಟಿ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಜೋರು ಬಾಯಿ ಇರುವ ಕಡೆಗೆ ಪಾಯಿಂಟ್ ಹೋಗುತ್ತದೆ.

ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಬ್ಲಾಕ್‌ನಲ್ಲಿ ಆದ ಟಚ್ ತಂಡದ ಲೆಕ್ಕಕ್ಕೆ ಬರುವುದಿಲ್ಲ. ಅದಾದ ಮೇಲೂ ತಂಡಕ್ಕೆ ಪೂರ್ತಿ ಮೂರು ಟಚ್ ಇದೆ. ಅಷ್ಟೇ ಅಲ್ಲ, ಬ್ಲಾಕ್ ಮಾಡಿದವನೇ ಮತ್ತೆ ಆ ಬಾಲನ್ನು ಆಡಬಹುದು, ಅದು ಡಬಲ್ (ಒಬ್ಬನೇ ಸತತ ಎರಡು ಸಲ ಮುಟ್ಟುವ ತಪ್ಪು) ಅಲ್ಲ, ಅದು ಅವನ ತಂಡದ ಮೊದಲ ಟಚ್. ಈ ನಿಯಮ ನಿನ್ನೆ ಮೊನ್ನೆ ಬಂದದ್ದಲ್ಲ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮುಗಿದ ಮೇಲೆ ಬಂದದ್ದು. ಅದಕ್ಕೆ ಮುಂಚೆ ಬ್ಲಾಕ್‌ಗೆ ತಾಗಿದರೆ ಒಂದು ಅಂತ ಎಣಿಸುತ್ತಿದ್ದರು, ಉಳಿದದ್ದು ಎರಡೇ. ಅಂದರೆ ಇವತ್ತು ನಮ್ಮ ಮೈದಾನದಲ್ಲಿ ನಾಲ್ಕು ಬೆರಳು ತೋರಿಸುವ ಇಪ್ಪತ್ತು ವರ್ಷದ ಹುಡುಗ ಅವನಪ್ಪ ಹುಟ್ಟುವ ಮೊದಲು ಹೋದ ನಿಯಮಕ್ಕೆ ಜಗಳ ಆಡುತ್ತಿದ್ದಾನೆ!

ಹೇಗೆ ಉಳಿಯಿತು ಇದು? ನಮ್ಮಲ್ಲಿ ಆಟದ ನಿಯಮ ಪುಸ್ತಕದಿಂದ ಬರುವುದಿಲ್ಲ, ಊರಿನ ಹಿರಿಯ ಆಟಗಾರನ ಬಾಯಿಂದ ಬರುತ್ತದೆ. ಅವರು ಅವರ ಹಿರಿಯರಿಂದ ಕೇಳಿದ್ದು. ಆಟ ಚೆನ್ನಾಗಿ ಆಡುವವರು ನಿಯಮವನ್ನೂ ಸರಿಯಾಗಿಯೇ ಹೇಳುತ್ತಾರೆ ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ. ಇನ್ನೊಂದು ಕಾರಣ ಬೀಚ್ ವಾಲಿಬಾಲ್. ಅದರಲ್ಲಿ ನಿಜವಾಗಿಯೂ ಬ್ಲಾಕ್ ಟಚ್ ಒಂದು ಅಂತ ಲೆಕ್ಕ, ಉಳಿಯುವುದು ಎರಡು. ಮೊಬೈಲ್‌ನಲ್ಲಿ ಅದರ ವಿಡಿಯೊ ನೋಡಿ ಬಂದು ಆರು ಜನರ ಆಟಕ್ಕೂ ಅದೇ ಅಂದುಕೊಳ್ಳುವವರು ಜಾಸ್ತಿ ಆಗಿದ್ದಾರೆ. ಮರಳಿನ ಮೇಲೆ ಇಬ್ಬರು ಆಡುವ ಆಟ ಬೇರೆ, ಇದು ಬೇರೆ.

ಹಾಗಂತ ನೆಟ್ಟಿನ ಹತ್ತಿರ ಕೈಗೆ ತಾಗಿದ್ದೆಲ್ಲ ಬ್ಲಾಕ್ ಅಲ್ಲ. ಇಲ್ಲಿ ಮಾತ್ರ ರೆಫ್ರಿಗೆ ನಿಜವಾದ ಕೆಲಸ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬ್ಲಾಕ್ ಅಂತ ಅನ್ನಿಸಿಕೊಳ್ಳಬೇಕಾದರೆ ಆಟಗಾರ ನೆಟ್ಟಿನ ಹತ್ತಿರ ಇರಬೇಕು, ಬಾಲ್ ಎದುರಾಳಿ ಕಡೆಯಿಂದ ಬರುತ್ತಿರಬೇಕು, ಬಾಲ್ ತಾಗುವ ಹೊತ್ತಿಗೆ ಅವನ ಮೈಯ ಯಾವುದಾದರೂ ಭಾಗ ನೆಟ್ಟಿನ ಮೇಲಿನ ಪಟ್ಟಿಗಿಂತ ಮೇಲೆ ಇರಬೇಕು. ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಬಾಲ್ ಎಷ್ಟು ಎತ್ತರದಲ್ಲಿ ತಾಗಿತು ಅನ್ನುವುದು ಪ್ರಶ್ನೆ ಅಲ್ಲ, ಮೈ ಎಲ್ಲಿತ್ತು ಅನ್ನುವುದು ಪ್ರಶ್ನೆ. ಹುಡುಗ ಹಾರಿದ್ದಾನೆ, ಎರಡೂ ಕೈ ಪಟ್ಟಿಯ ಮೇಲಿದೆ, ಬಾಲ್ ಕೈಗೂ ನೆಟ್ಟಿಗೂ ನಡುವೆ ಜಾರಿ ಎದೆಗೆ ಬಡಿಯಿತು. ಕೈ ಇನ್ನೂ ಮೇಲೇ ಇದ್ದರೆ ಅದು ಬ್ಲಾಕ್. ಮೂರು ಟಚ್ ಉಳಿಯಿತು. ಅದೇ ಹುಡುಗ ತಡವಾಗಿ ಹಾರಿ, ಕೆಳಗಿಳಿಯುವಾಗ, ಕೈ ತಲೆ ಎಲ್ಲ ಪಟ್ಟಿಗಿಂತ ಕೆಳಗೆ ಬಂದ ಮೇಲೆ ಬಾಲ್ ತೋಳಿಗೆ ತಾಗಿದರೆ ಅದು ಬ್ಲಾಕ್ ಅಲ್ಲ, ಮೊದಲ ಟಚ್. ಇನ್ನೆರಡೇ ಉಳಿಯಿತು, ಮತ್ತು ಕೆಳಗಿಳಿದು ಅದೇ ಬಾಲಿಗೆ ಅವನೇ ಮತ್ತೊಮ್ಮೆ ಕೈ ಕೊಟ್ಟರೆ ಡಬಲ್. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24. ಆ ಪಟ್ಟಿಯ ಮೇಲೋ ಕೆಳಗೋ ಅನ್ನುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಮೊದಲ ರೆಫ್ರಿಯ ಕಣ್ಣು ನೆಟ್ಟಿಗಿಂತ ಸುಮಾರು 50 ಸೆಂಟಿಮೀಟರ್ ಮೇಲೆ ಇರಬೇಕು ಅಂತ ನಿಯಮ. ನಮ್ಮಲ್ಲಿ ಶಾಲೆಯ ಬೆಂಚಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತಿಸುತ್ತಾರೆ, ಅದರ ಒಂದು ಕಾಲು ಅಲ್ಲಾಡುತ್ತಿರುತ್ತದೆ. ಇರಲಿ.

ಬ್ಲಾಕ್ ಮಾಡುವಾಗ ಬಾಲ್ ಒಬ್ಬನ ಎರಡು ಕೈಗೂ ಒಂದಾದ ಮೇಲೆ ಒಂದು ತಾಗಿದರೆ, ಅಥವಾ ಒಬ್ಬನಿಂದ ಪಕ್ಕದವನಿಗೆ ತಾಗಿ ಅವನ ತಲೆಗೂ ಬಡಿದರೆ? ಒಂದೇ ಚಲನೆಯಲ್ಲಿ ಪಟಪಟ ಆಗಿದ್ದರೆ ಅದೆಲ್ಲ ಸೇರಿ ಒಂದೇ ಬ್ಲಾಕ್. ಅದನ್ನು ಡಬಲ್ ಅಂತ ಊದುವ ರೆಫ್ರಿಗಳನ್ನು ನಾನು ಈಗಲೂ ನೋಡುತ್ತೇನೆ.

ಇನ್ನು ‘ಓವರ್ ನೆಟ್’. ಕೈ ನೆಟ್ ದಾಟಿದ ಕೂಡಲೇ ಫೌಲ್ ಅಂತ ಕೂಗುವುದು ನಮ್ಮಲ್ಲಿ ಹವ್ಯಾಸ. 1964ರಲ್ಲಿ ಟೋಕಿಯೊದಲ್ಲಿ ವಾಲಿಬಾಲ್ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂತು, ಆ ಕಾಲದಲ್ಲೇ ಬ್ಲಾಕರ್ ಕೈ ಆ ಕಡೆಗೆ ಚಾಚಬಹುದು ಅಂತ ನಿಯಮ ಬದಲಾಯಿತು. ಕೈ ದಾಟುವುದು ತಪ್ಪಲ್ಲ. ಎದುರಾಳಿ ಹೊಡೆಯುವ ಮೊದಲೇ ಅವರ ಕಡೆ ಇರುವ ಬಾಲನ್ನು ಮುಟ್ಟಿದರೆ ತಪ್ಪು. ಅವನ ಕೈಯಿಂದ ಹೊಡೆತ ಹೊರಟ ಮೇಲೆ ಆ ಕಡೆಗೇ ಕೈ ಹಾಕಿ ಅಲ್ಲೇ ಒತ್ತಿದರೆ ಶುದ್ಧ ಬ್ಲಾಕ್, ಚಪ್ಪಾಳೆ ಹೊಡೆಯಬೇಕಾದ ಬ್ಲಾಕ್. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಮಿಡಲ್ ಬ್ಲಾಕರ್ ಆಗಿಯೇ ದೇಶದ ತಂಡಕ್ಕೆ ಹೋದವರು, 2022ರ ಮೊದಲ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಕೋಲ್ಕತ್ತ ಥಂಡರ್‌ಬೋಲ್ಟ್ಸ್‌ಗೆ ನಾಯಕರಾಗಿದ್ದವರು. ಅವರ ಆಟದ ವಿಡಿಯೊ ಹಾಕಿ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ನಮ್ಮ ಕೆಲವು ಮೈದಾನಗಳಲ್ಲಿ ಅದಕ್ಕೆಲ್ಲ ಓವರ್ ನೆಟ್ ಸೀಟಿ ಬೀಳುತ್ತಿತ್ತು.

ಹೊಡೆತ ಅಂದರೆ ಸ್ಮ್ಯಾಶೇ ಆಗಬೇಕು ಅಂತಲೂ ಇಲ್ಲ. ಸರ್ವಿಸ್ ಮತ್ತು ಬ್ಲಾಕ್ ಬಿಟ್ಟು, ಬಾಲನ್ನು ಎದುರಾಳಿ ಕಡೆಗೆ ಕಳಿಸುವ ಯಾವುದೇ ಕೆಲಸ ಅಟ್ಯಾಕ್ ಅಂತಲೇ ಲೆಕ್ಕ. ಎರಡು ಕೈಯಲ್ಲಿ ಮೆತ್ತಗೆ ದಾಟಿಸಿದರೂ ಅಟ್ಯಾಕ್. ಆದರೆ ಸೆಟ್ಟರ್ ತನ್ನ ಸ್ಮ್ಯಾಶರ್‌ಗೆ ನೆಟ್ಟಿನ ಉದ್ದಕ್ಕೆ ಕೊಡುತ್ತಿರುವ ಪಾಸನ್ನು ಈ ಕಡೆಯಿಂದ ಕೈ ಹಾಕಿ ಕಸಿದರೆ ಅದು ಫೌಲ್, ಅದರಲ್ಲಿ ಎರಡು ಮಾತಿಲ್ಲ. ಇನ್ನು ಸರ್ವಿಸನ್ನು ಬ್ಲಾಕ್ ಮಾಡುವಂತೆಯೇ ಇಲ್ಲ, 1984ರ ಒಲಿಂಪಿಕ್ಸ್ ಆದ ಮೇಲೆ ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಎತ್ತರದ ಹುಡುಗರು ಈಗಲೂ ನೆಟ್ಟಿನಲ್ಲಿ ನಿಂತು ಮೆತ್ತನೆ ಸರ್ವಿಸನ್ನು ವಾಪಸ್ ತಳ್ಳುತ್ತಾರೆ, ಪಾಯಿಂಟ್ ಅಂತ ಕುಣಿಯುತ್ತಾರೆ.

ಹಿಂದಿನ ಸಾಲಿನ ಮೂವರಿಗೆ ಬ್ಲಾಕ್ ಮಾಡುವ ಹಕ್ಕಿಲ್ಲ. ಇದು ಬಹಳ ಜನಕ್ಕೆ ಗೊತ್ತಿದೆ. ಗೊತ್ತಿಲ್ಲದ್ದು ಏನೆಂದರೆ, ಹಿಂದಿನ ಸಾಲಿನ ಸೆಟ್ಟರ್ ಮುಂದಿನವನ ಪಕ್ಕ ಹಾರಿ ಕೈ ಪಟ್ಟಿಯ ಮೇಲೆ ಇಟ್ಟಿದ್ದರೆ, ಬಾಲ್ ತಾಗಿದ್ದು ಪಕ್ಕದವನಿಗೇ ಆದರೂ ಫೌಲ್. ಇಬ್ಬರೂ ಸೇರಿ ಮಾಡಿದ ಬ್ಲಾಕ್ ಅದು. ಯಾರಿಗೂ ತಾಗದೆ ಹೋದರೆ ಅವನು ಹಾರಿದ್ದಕ್ಕೆ ಶಿಕ್ಷೆ ಇಲ್ಲ. ಲಿಬೆರೊಗೆ, ಅಂದರೆ ಹಿಂದಿನ ಸಾಲಿನಲ್ಲಿ ಬಾಲ್ ಎತ್ತುವುದಕ್ಕೇ ಇರುವ ಆಟಗಾರನಿಗೆ, ಅಷ್ಟೂ ಇಲ್ಲ, ಅವನು ಬ್ಲಾಕ್‌ಗೆ ಪ್ರಯತ್ನ ಪಟ್ಟರೇ ತಪ್ಪು.

ಈಗ ಟಚ್ ವಿಷಯ. ಬಾಲ್ ಕಾಲಿಗೆ ತಾಗಿತು, ಸೀಟಿ. ಯಾಕೆ ಸ್ವಾಮಿ? ವಾಲಿಬಾಲಿನ ನೂರನೇ ವರ್ಷದಲ್ಲಿ, ಅಂದರೆ 1995ರಿಂದ, ಮೈಯ ಯಾವ ಭಾಗಕ್ಕೆ ತಾಗಿದರೂ ಆಟ ಮುಂದುವರಿಯಬೇಕು. ಪಾದಕ್ಕೂ ಸೇರಿ. ಬೇಕೆಂದೇ ಒದ್ದು ಎತ್ತಿದರೂ ತಪ್ಪಿಲ್ಲ. ಎದುರಿನಿಂದ ಬಂದ ಮೊದಲ ಬಾಲ್ ಎತ್ತುವಾಗ ಒಂದೇ ಚಲನೆಯಲ್ಲಿ ಮುಂಗೈಗೂ ಎದೆಗೂ ತಾಗಿದರೆ ಅದಕ್ಕೂ ವಿನಾಯಿತಿ ಇದೆ. ಹಿಡಿಯಬಾರದು, ಎಸೆಯಬಾರದು, ಅದು ಯಾವ ಟಚ್‌ನಲ್ಲೂ ನಡೆಯುವುದಿಲ್ಲ. ಬ್ಲಾಕ್‌ನಲ್ಲೂ ಅಷ್ಟೇ, ಕೈಯಲ್ಲಿ ಬಾಲನ್ನು ತಡೆದು ನಿಲ್ಲಿಸಿಕೊಂಡು ಆಮೇಲೆ ಬೇಕಾದ ಕಡೆಗೆ ಎಸೆಯುವವನಿಗೆ ಸೀಟಿ ಬೀಳಲೇಬೇಕು. ನಮ್ಮಲ್ಲಿ ಇದನ್ನು ಬಿಟ್ಟು, ಪಾಸ್ ಕೊಟ್ಟ ಬಾಲ್ ಸ್ವಲ್ಪ ತಿರುಗಿದರೆ ಸಾಕು, ‘ಡಬಲ್ ಡಬಲ್’ ಅಂತ ಹೊರಗಿನಿಂದ ಕೂಗು. ತಿರುಗುವುದು ತಪ್ಪು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಎರಡು ಕೈಗೆ ಬೇರೆ ಬೇರೆ ಹೊತ್ತಿಗೆ ತಾಗಿತೇ ಅನ್ನುವುದನ್ನು ರೆಫ್ರಿ ನೋಡಬೇಕು, ಬಾಲ್ ಹೇಗೆ ಸುತ್ತಿತು ಅನ್ನುವುದನ್ನಲ್ಲ. ಅಮೆರಿಕದ ಕಾಲೇಜು ಮಹಿಳಾ ವಾಲಿಬಾಲ್‌ನಲ್ಲಂತೂ 2024ರಿಂದ, ಬಾಲ್ ತಮ್ಮ ಕಡೆಯೇ ಉಳಿಯುವುದಾದರೆ, ಎರಡನೇ ಟಚ್‌ನ ಡಬಲ್ಲನ್ನು ತಪ್ಪು ಅಂತ ಹಿಡಿಯುವುದನ್ನೇ ಬಿಟ್ಟರು. ನಾವು ಅಲ್ಲಿಗೆ ಹೋಗಬೇಕು ಅಂತ ನಾನು ಹೇಳುತ್ತಿಲ್ಲ. ನನಗೆ ಅದು ಇಷ್ಟವೂ ಇಲ್ಲ, ಒಳ್ಳೆ ಸೆಟ್ಟರ್‌ಗೂ ಸುಮಾರಾದವನಿಗೂ ವ್ಯತ್ಯಾಸ ಏನು ಉಳಿಯಿತು ಆಮೇಲೆ?

ನೆಟ್ಟಿನ ಮೇಲೆ ಇಬ್ಬರು ಒಟ್ಟಿಗೆ ಬಾಲ್ ಒತ್ತಿ ಹಿಡಿದಾಗಲೂ ಗೊಂದಲ. ಹಿಂದೆ ಬಾಲ್ ಸಿಕ್ಕಿಕೊಂಡರೆ ಮತ್ತೆ ಆಡಿಸುತ್ತಿದ್ದರು. ಈಗ ಆಟ ನಿಲ್ಲಿಸುವಂತಿಲ್ಲ. ಒತ್ತಾಟ ಮುಗಿದು ಬಾಲ್ ಯಾವ ಕಡೆ ಬಂತೋ ಆ ತಂಡಕ್ಕೆ ಮೂರು ಟಚ್. ಆ ಕಡೆಯ ಗೆರೆಯಿಂದ ಹೊರಗೆ ಹೋದರೆ ಈ ಕಡೆಯವರ ತಪ್ಪು. ಇದು ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ಯೋಚಿಸಿ, ಆ ಕಡೆಗೆ ಹೊರಗೆ ಹೋಗಬೇಕಾದರೆ ತಳ್ಳಿದ್ದು ಈ ಕಡೆಯವನೇ ಅಲ್ವಾ?

ನೆಟ್ ಟಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಲ್ ಆಡುವ ಕ್ರಿಯೆಯಲ್ಲಿ ಇರುವವನು ಎರಡು ಆಂಟೆನಾ (ನೆಟ್ಟಿನ ಎರಡೂ ಬದಿಗೆ ನೇರವಾಗಿ ಕಟ್ಟುವ ಕೋಲು) ನಡುವೆ ನೆಟ್ ಮುಟ್ಟಿದರೆ ತಪ್ಪು, ಹಾರುವುದರಿಂದ ಹಿಡಿದು ಸರಿಯಾಗಿ ಕೆಳಗಿಳಿಯುವ ತನಕ ಎಲ್ಲ ಆ ಕ್ರಿಯೆಯೇ. ಬಾಲ್ ಜೋರಾಗಿ ನೆಟ್ಟಿಗೆ ಬಡಿದು, ನೆಟ್ಟೇ ಬಂದು ಬ್ಲಾಕರ್‌ಗೆ ತಾಗಿದರೆ ತಪ್ಪಿಲ್ಲ. ನಡುಗೆರೆಯನ್ನು ಪಾದ ಪೂರ್ತಿ ದಾಟಬಾರದು, ಸ್ವಲ್ಪ ಭಾಗ ಗೆರೆಯ ಮೇಲೆ ಇದ್ದರೆ ನಡೆಯುತ್ತದೆ. ಇಷ್ಟು ಸಾಕು. ಆದರೆ ನಮ್ಮ ಎಷ್ಟೋ ಪಂದ್ಯಗಳಲ್ಲಿ ಆಂಟೆನಾವೇ ಇರುವುದಿಲ್ಲ, ಒಂದು ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ, ಗಾಳಿಗೆ ಅದು ಒಳಗೂ ಹೊರಗೂ ಹಾರುತ್ತಿರುತ್ತದೆ. ನಗದು ಬಹುಮಾನಕ್ಕೆ ಇಡುವ ದುಡ್ಡಿನಲ್ಲಿ ಒಂದು ಜೊತೆ ಆಂಟೆನಾ ಬರುವುದಿಲ್ಲವೇ?

ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು, ಬೆರಳ ತುದಿ ಸವರಿ ಹೊರಗೆ ಹೋಗುವ ಬಾಲ್. ಇಲ್ಲಿ ನಿಯಮ ಸುಲಭ, ಬ್ಲಾಕರ್‌ಗೆ ತಾಗಿ ಔಟ್ ಆದರೆ ಹೊಡೆದವನಿಗೆ ಪಾಯಿಂಟ್. ಕಾಣುವುದು ಕಷ್ಟ. ದೊಡ್ಡ ಪಂದ್ಯಗಳಲ್ಲಿ ಕ್ಯಾಮೆರಾ ಇದೆ, ಚಾಲೆಂಜ್ ಕೇಳಿದರೆ ನಿಧಾನವಾಗಿ ತೋರಿಸುತ್ತಾರೆ. ನಮಗೆ ಕಣ್ಣೊಂದೇ. ನಾನು ಬೆರಳನ್ನೇ ನೋಡುತ್ತಾ ಕೂರುವುದಿಲ್ಲ, ಬಾಲ್ ನೋಡುತ್ತೇನೆ. ಜೋರಾಗಿ ಹೊಡೆದ ಬಾಲ್ ಮುಂದಕ್ಕೆ ಸುತ್ತುತ್ತಾ ಕೆಳಗೆ ಬಾಗುತ್ತದೆ. ಬೆರಳು ಸವರಿದ್ದರೆ ಆ ಸುತ್ತು ಒಡೆದುಹೋಗುತ್ತದೆ, ಬಾಲ್ ಬಾಗದೆ ಇನ್ನೂ ಮುಂದಕ್ಕೆ ತೇಲಿದ ಹಾಗೆ ಹೋಗುತ್ತದೆ. ಕೆಲವೊಮ್ಮೆ ಬೆರಳಿಗೆ ಸುತ್ತಿದ ಬಿಳಿ ಟೇಪು ಹಿಂದಕ್ಕೆ ಬಾಗಿದ್ದು ಕಾಣುತ್ತದೆ. ತಾಗಿದವನಿಗೆ ಗೊತ್ತೇ ಇರುತ್ತದೆ, ಕಿರುಬೆರಳನ್ನು ಒಮ್ಮೆ ಕೊಡವಿ ಸುಮ್ಮನೆ ತಿರುಗಿ ನಡೆಯುತ್ತಾನೆ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವವರೂ ಇದ್ದಾರೆ! ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿ ಇದಕ್ಕೇ ಹಸಿರು ಕಾರ್ಡ್ ತಂದಿದ್ದಾರೆ, ರೆಫ್ರಿ ಕಾಣದ ಟಚ್ಚನ್ನು ಆಟಗಾರ ತಾನಾಗಿ ಕೈ ಎತ್ತಿ ಒಪ್ಪಿಕೊಂಡರೆ ಅದನ್ನು ಎಲ್ಲರ ಮುಂದೆ ಮೆಚ್ಚಿಕೊಳ್ಳುವ ಕಾರ್ಡ್. ನಮ್ಮಲ್ಲಿ ಹಾಗೆ ಒಪ್ಪಿಕೊಂಡ ಹುಡುಗನಿಗೆ ಅವನ ತಂಡದವರೇ ಬೈಯುವುದನ್ನು ನಾನು ಕೇಳಿದ್ದೇನೆ.

ಈ ಟಚ್ ಹಿಡಿಯಲು ರೆಫ್ರಿಗಿಂತ ಲೈನ್ಸ್‌ಮನ್ ಜಾಸ್ತಿ ಉಪಯೋಗ. ಬಾವುಟ ಕೆಳಗೆ ಅಂದರೆ ಇನ್, ಮೇಲೆ ಅಂದರೆ ಔಟ್, ಬಾವುಟ ಎತ್ತಿ ಇನ್ನೊಂದು ಅಂಗೈಯನ್ನು ಅದರ ತುದಿಗೆ ಇಟ್ಟರೆ ಟಚ್. ಇಷ್ಟಕ್ಕೆ ಬೇಕಾದದ್ದು ಈ ಮೂರು ಸನ್ನೆ. ಆದರೆ ಲೈನ್ಸ್‌ಮನ್ ಅಂತ ಕೂರಿಸುವುದು ಯಾರನ್ನು? ಸಂಘಟಕರ ಪೈಕಿ ಕೈ ಖಾಲಿ ಇರುವ ಯಾರೋ ಒಬ್ಬರನ್ನು. ಅವರ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಚರುಮುರಿ. ಟಚ್ ಸನ್ನೆ ಹಾಗಿರಲಿ, ಬಾವುಟವೇ ಕುರ್ಚಿ ಕೆಳಗೆ ಬಿದ್ದಿರುತ್ತದೆ.

ಸಂಘಟಕರಲ್ಲಿ ನನ್ನದು ದೊಡ್ಡ ಬೇಡಿಕೆ ಅಲ್ಲ. ಮೊದಲ ಪಂದ್ಯಕ್ಕೆ ಮುಂಚೆ ಎಲ್ಲ ಕ್ಯಾಪ್ಟನ್‌ಗಳನ್ನು ಕರೆದು ಐದು ನಿಮಿಷ ನಿಲ್ಲಿಸಿ. ಅಂತಾರಾಷ್ಟ್ರೀಯ ನಿಯಮವೋ, ಊರಿನ ನಿಯಮವೋ, ಹೇಳಿಬಿಡಿ. ಅಂಗಳ ಚಿಕ್ಕದು, ಮೇಲೆ ತೆಂಗಿನ ಗರಿ ಇದೆ, ಲಿಬೆರೊ ಇಲ್ಲ, ಹೀಗೆ ಊರಿಗೆ ತಕ್ಕ ಬದಲಾವಣೆ ಇರಲಿ, ತೊಂದರೆ ಇಲ್ಲ, ಆದರೆ ಆಟ ಶುರುವಾಗುವ ಮೊದಲೇ ಗೊತ್ತಿರಲಿ. ರೆಫ್ರಿ ಹತ್ತಿರ ವಿವರಣೆ ಕೇಳುವ ಹಕ್ಕು ಅಂಕಣದಲ್ಲಿರುವ ಕ್ಯಾಪ್ಟನ್ ಒಬ್ಬನಿಗೇ, ಇದನ್ನೂ ಆಗಲೇ ಹೇಳಿ. ಆರು ಜನ, ಮೇಲಿಂದ ಕೋಚ್, ಅದರ ಮೇಲೆ ತಂಡದ ಪ್ರಾಯೋಜಕರು, ಎಲ್ಲರೂ ಕುರ್ಚಿ ಸುತ್ತ ನಿಂತರೆ ಯಾವ ರೆಫ್ರಿಗೂ ತಲೆ ನಿಲ್ಲುವುದಿಲ್ಲ. ಮೈಕ್‌ನವರಿಗೂ ಒಂದು ಮಾತು, ನೀವು ಹಾಸ್ಯ ಮಾಡಿ, ಬಹುಮಾನ ಕೊಟ್ಟವರ ಹೆಸರು ಹೇಳಿ, ತೀರ್ಪು ಮಾತ್ರ ಹೇಳಬೇಡಿ.

ರೆಫ್ರಿಗಳಿಗೆ ಹೇಳುವುದೂ ಇದೆ. ನಮ್ಮಲ್ಲಿ ಬಹಳ ಮಂದಿ ದೈಹಿಕ ಶಿಕ್ಷಕರು, ಹಳೆಯ ಆಟಗಾರರು. ನಿಯಮ ಪುಸ್ತಕ ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಷನ್‌ನ ವೆಬ್‌ಸೈಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಬ್ಲಾಕ್ ಬಗ್ಗೆ ಇರುವುದು 14ನೇ ನಿಯಮ, ಟಚ್ ಬಗ್ಗೆ 9ನೆಯದು. ಎರಡನ್ನೂ ಓದಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಕ್ರಿಕೆಟ್‌ನ ಎಲ್‌ಬಿಡಬ್ಲ್ಯು ಬಗ್ಗೆ ಚಿತ್ರ ಹಾಕಿ ಅರ್ಧ ಪುಟ ಬರೆಯುತ್ತೀರಿ. ಈ ಸೀಸನ್ ಶುರುವಾಗುವ ಮೊದಲು ಒಂದು ಭಾನುವಾರ ವಾಲಿಬಾಲ್‌ನ ಬ್ಲಾಕ್‌ಗೂ ಅಷ್ಟೇ ಜಾಗ ಕೊಡಿ. ನೆಟ್ಟಿನ ಪಟ್ಟಿ, ಬ್ಲಾಕರ್‌ನ ಕೈ, ಬಾಲ್, ಮೂರನ್ನೂ ಬರೆದು ಯಾವುದು ಬ್ಲಾಕ್, ಯಾವುದು ಮೊದಲ ಟಚ್ ಅಂತ ತೋರಿಸಿದರೆ ಸಾಕು. ಅದನ್ನು ಕತ್ತರಿಸಿ ಸ್ಕೋರ್ ಬೋರ್ಡ್ ಪಕ್ಕದಲ್ಲಿ ಅಂಟಿಸುವ ಕೆಲಸ ನನಗೆ ಬಿಡಿ.

ಇತಿ,
ಒಬ್ಬ ವಾಲಿಬಾಲ್ ತೀರ್ಪುಗಾರ, ಉಡುಪಿ ಜಿಲ್ಲೆ